ಎಕರೆ-ಗುಂಟೆ ಕೂಡಿಸಲು ನಿಮ್ಮದೇ ಫಂಕ್ಷನ್: ಗೂಗಲ್ ಶೀಟ್ಸ್‌ನ ಲೆಟ್, ಲ್ಯಾಂಬ್ಡಾ ಬಳಸುವ ಬಗೆ

ಪಹಣಿಯಲ್ಲಿರುವ ವಿಸ್ತೀರ್ಣವನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಕೂಡಿಸಿದರೆ ಲೆಕ್ಕ ಯಾಕೆ ತಪ್ಪುತ್ತದೆ? ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಮನೆಯಲ್ಲಿ ಪಾಲು ಮಾಡಿಕೊಳ್ಳುವವರು ಕೇಳುತ್ತಾರೆ, ಜಮೀನು ಕೊಳ್ಳಲು ಹೊರಟವರು ಕೇಳುತ್ತಾರೆ, ದೂರದ ಊರಲ್ಲಿದ್ದು ಹಳ್ಳಿಯ ಆಸ್ತಿಯ ಪಟ್ಟಿ ಮಾಡುವವರೂ ಕೇಳುತ್ತಾರೆ. ಅದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: ಲೆಟ್, ಲ್ಯಾಂಬ್ಡಾ ಅಂತ ಹೊಸ ಸೌಲಭ್ಯಗಳು ಬಂದಿವೆಯಂತೆ, ನಮ್ಮಂಥವರಿಗೆ ಅದರಿಂದ ಏನು ಉಪಯೋಗ?

ಎರಡನ್ನೂ ಒಟ್ಟಿಗೇ ಬಗೆಹರಿಸೋಣ. ಮೊದಲನೆಯದು ಸಮಸ್ಯೆ, ಎರಡನೆಯದು ಅದಕ್ಕೆ ಮದ್ದು.

ಈ ನಾಲ್ಕು ಸರ್ವೆ ನಂಬರ್‌ಗಳನ್ನು ನೋಡಿ:

12/3: 1.30
12/4: 2.25
47: 0.38
51/1: 3.08

ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಇವನ್ನು ಶೀಟ್ಸ್‌ನಲ್ಲಿ ಸಮ್ ಹಾಕಿ ಕೂಡಿಸಿದರೆ 7.01 ಬರುತ್ತದೆ. ಏಳು ಎಕರೆ ಒಂದು ಗುಂಟೆ. ನೋಡಲು ಎಷ್ಟು ಸರಿಯಾಗಿದೆ ಅಲ್ವಾ? ಆದರೆ ನಿಜವಾದ ಉತ್ತರ 8 ಎಕರೆ 21 ಗುಂಟೆ. ಒಂದೂವರೆ ಎಕರೆ ಸದ್ದಿಲ್ಲದೆ ಮಾಯ!

ಕಾರಣ ಸರಳ. ಎಕರೆಗೆ 40 ಗುಂಟೆ. ಶೀಟ್ಸ್‌ಗೆ ಅದು ಗೊತ್ತಿಲ್ಲ. ಅದರ ಪಾಲಿಗೆ ಚುಕ್ಕಿಯ ಬಲಕ್ಕಿರುವುದು ನೂರರಲ್ಲಿ ಇಷ್ಟು ಭಾಗ. ಇಲ್ಲಿ ಗುಂಟೆಗಳ ಮೊತ್ತ 30, 25, 38, 8 ಸೇರಿ 101. ಅದರಲ್ಲಿ ನೂರು ಗುಂಟೆಯನ್ನು ಒಂದು ಎಕರೆ ಅಂತ ದಾಟಿಸಿಬಿಟ್ಟಿತು. ಹಾಗೆ ದಾಟಿಸಿದಾಗಲೆಲ್ಲ 60 ಗುಂಟೆ ಹೋಯಿತು ಅಂತಲೇ ಲೆಕ್ಕ. 1 ಗಂಟೆ 50 ನಿಮಿಷಕ್ಕೆ 20 ನಿಮಿಷ ಸೇರಿಸಿ 1.70 ಅಂದ ಹಾಗೆ ಇದು.

ಹಾಗಾಗಿ ನಾವು ಮಾಡಬೇಕಾದ್ದು ಇಷ್ಟು: ಎಲ್ಲವನ್ನೂ ಗುಂಟೆಗೆ ತರುವುದು, ಕೂಡಿಸುವುದು, ಮತ್ತೆ ಎಕರೆ-ಗುಂಟೆಗೆ ಒಯ್ಯುವುದು. ಈ ಕೆಲಸಕ್ಕೆ ನಿಮ್ಮದೇ ಎರಡು ಫಂಕ್ಷನ್ (ಸಂಖ್ಯೆ ಕೊಟ್ಟರೆ ಲೆಕ್ಕ ಮಾಡಿ ಉತ್ತರ ಕೊಡುವ, ಹೆಸರಿರುವ ಸೂತ್ರ) ಮಾಡಿಕೊಂಡರೆ ಆಮೇಲೆ ಯಾವ ಶೀಟ್‌ನಲ್ಲಿ ಬೇಕಾದರೂ ಬಳಸಬಹುದು.

ಏನೇನು ಬೇಕು

ಒಂದು ಗೂಗಲ್ ಖಾತೆ ಮತ್ತು ಕಂಪ್ಯೂಟರ್. ಫೋನ್‌ನಲ್ಲಿ ಶೀಟ್ ನೋಡಬಹುದು, ಆದರೆ ಫಂಕ್ಷನ್ ಕಟ್ಟುವ ಕೆಲಸವನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ಮಾಡಿ.

ಗೂಗಲ್ ಶೀಟ್ಸ್‌ಗೆ ಲ್ಯಾಂಬ್ಡಾ ಮತ್ತು ನೇಮ್ಡ್ ಫಂಕ್ಷನ್ (ನಾವೇ ಹೆಸರಿಟ್ಟು ಮಾಡಿಕೊಳ್ಳುವ ಫಂಕ್ಷನ್) ಬಂದದ್ದು 2022ರ ಆಗಸ್ಟ್‌ನಲ್ಲಿ. ಲೆಟ್ ಬಂದದ್ದು 2023ರಲ್ಲಿ. ಎಕ್ಸೆಲ್‌ನಲ್ಲಿ ಇವು ಅದಕ್ಕೂ ಮೊದಲೇ ಕಾಣಿಸಿಕೊಂಡವು. ಆದರೆ ಎಕ್ಸೆಲ್ 2021ರಲ್ಲಿ ಲೆಟ್ ಮಾತ್ರ ಇದೆ. ಲ್ಯಾಂಬ್ಡಾ ಬೇಕೆಂದರೆ ಮೈಕ್ರೋಸಾಫ್ಟ್ 365 ಅಥವಾ ಎಕ್ಸೆಲ್ 2024 ಇರಬೇಕು. ಲಿಬ್ರೆಆಫೀಸ್ ಬಳಸುವವರಿಗೆ 24.8ನೇ ಆವೃತ್ತಿಯಿಂದ ಲೆಟ್ ಸಿಗುತ್ತದೆ. ಆ ಆವೃತ್ತಿಯಲ್ಲಿ ಲ್ಯಾಂಬ್ಡಾ ಇಲ್ಲ, ಹಾಗಾಗಿ ಅವರು 4ನೇ ಹಂತದವರೆಗೆ ಬರಬಹುದು.

ಒಂದು ಮುಖ್ಯ ಮಾತು. ಇಲ್ಲಿ ಫಾರ್ಮುಲಾಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಫಂಕ್ಷನ್ ಹೆಸರು, ಸೆಲ್ ಹೆಸರು, ನಾವು ಇಡುವ ಅಡ್ಡಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಬಿ2 ಅಂದರೆ ಬಿ ಕಾಲಂನ ಎರಡನೇ ಸಾಲಿನ ಸೆಲ್. ಲೆಟ್ ಅಂದರೆ ಎಲ್-ಇ-ಟಿ. ಲ್ಯಾಂಬ್ಡಾ ಅಂದರೆ ಎಲ್-ಎ-ಎಂ-ಬಿ-ಡಿ-ಎ. ಇಂಟ್ ಅಂದರೆ ಐ-ಎನ್-ಟಿ. ಮಿಕ್ಕವುಗಳ ಮೊದಲ ಎರಡು ಅಕ್ಷರ ಹೊಡೆದರೆ ಶೀಟ್ಸ್ ತಾನೇ ಪಟ್ಟಿ ತೋರಿಸುತ್ತದೆ, ಆರಿಸಿಕೊಂಡರಾಯಿತು. ಡಬಲ್ ಕೋಟ್ ಒಳಗಿನ ಪದಗಳನ್ನು ಮಾತ್ರ ಕನ್ನಡದಲ್ಲೇ ಬರೆಯಬಹುದು.

ಹಂತ 1: ಶೀಟ್ ಸಿದ್ಧ ಮಾಡಿಕೊಳ್ಳಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಆಮೇಲೆ ಬರುವ ತೊಂದರೆಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತವೆ.

ಎ ಕಾಲಂ ಸರ್ವೆ ನಂಬರ್‌ಗೆ, ಬಿ ಕಾಲಂ ವಿಸ್ತೀರ್ಣಕ್ಕೆ ಇರಲಿ. ಏನನ್ನೂ ತುಂಬುವ ಮೊದಲು ಎ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ ಇಡೀ ಕಾಲಂ ಆರಿಸಿ. ಫಾರ್ಮ್ಯಾಟ್ ಮೆನು, ನಂಬರ್, ಪ್ಲೇನ್ ಟೆಕ್ಸ್ಟ್ ಅಂತ ಕೊಡಿ. ಯಾಕೆಂದರೆ 12/3 ಅಂತ ಹೊಡೆದ ಕೂಡಲೇ ಶೀಟ್ಸ್ ಅದನ್ನು ತಾರೀಕು ಅಂದುಕೊಳ್ಳುತ್ತದೆ. ನಿಮ್ಮ ಶೀಟ್‌ನ ಲೊಕೇಲ್ ಇಂಡಿಯಾ ಆಗಿದ್ದರೆ ಮಾರ್ಚ್ 12, ಅಮೆರಿಕ ಆಗಿದ್ದರೆ ಡಿಸೆಂಬರ್ 3. ಲೊಕೇಲ್ ಅಂದರೆ ಯಾವ ದೇಶದ ಪದ್ಧತಿಯಲ್ಲಿ ತಾರೀಕು, ಸಂಖ್ಯೆ ಬರೆಯಬೇಕು ಎಂಬ ಸೆಟ್ಟಿಂಗ್. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಅದು ಸಿಗುತ್ತದೆ.

ಎಚ್ಚರ: ತಾರೀಕು ಆದ ಮೇಲೆ ಪ್ಲೇನ್ ಟೆಕ್ಸ್ಟ್‌ಗೆ ಬದಲಿಸಿದರೆ ನೀವು ಹೊಡೆದದ್ದು ವಾಪಸ್ ಬರುವುದಿಲ್ಲ. ಅಳಿಸಿ ಹೊಸದಾಗಿ ಬರೆಯಬೇಕು. ಒಂದೆರಡು ಸೆಲ್ ಮಾತ್ರ ಆದರೆ ಮುಂದೆ ಒಂದು ಸಿಂಗಲ್ ಕೋಟ್ ಹಾಕಿ ಬರೆದರೂ ನಡೆಯುತ್ತದೆ.

ಬಿ ಕಾಲಂ ಮಾತ್ರ ಸಂಖ್ಯೆಯಾಗಿಯೇ ಇರಲಿ. ಅದನ್ನು ಆರಿಸಿ ಫಾರ್ಮ್ಯಾಟ್, ನಂಬರ್, ಮತ್ತೆ ನಂಬರ್ ಕೊಡಿ. ಆಗ ಚುಕ್ಕಿಯ ನಂತರ ಎರಡು ಅಂಕಿ ಕಾಣುತ್ತವೆ. ಇಲ್ಲದಿದ್ದರೆ 2.10 ಅಂತ ಹೊಡೆದದ್ದು 2.1 ಅಂತ ಕಾಣುತ್ತದೆ. ಎರಡು ಎಕರೆ ಹತ್ತು ಗುಂಟೆಯೋ, ಎರಡು ಎಕರೆ ಒಂದು ಗುಂಟೆಯೋ ಅಂತ ನೋಡಿದವರು ತಲೆ ಕೆರೆದುಕೊಳ್ಳಬೇಕು. ಒಂಬತ್ತರವರೆಗಿನ ಗುಂಟೆಗೆ ಮುಂದೆ ಸೊನ್ನೆ ಹಾಕಲೇಬೇಕು: ಮೂರು ಎಕರೆ ಎಂಟು ಗುಂಟೆ ಅಂದರೆ 3.08. ಸುಮ್ನೆ 3.8 ಅಂತ ಹೊಡೆದರೆ ಅದು ಮೂರು ಎಕರೆ ಎಂಬತ್ತು ಗುಂಟೆ ಆಗಿಬಿಡುತ್ತದೆ. ಗೆರೆ ಹಾಕಿ 3-8 ಅಂತ ಬರೆಯಲೂ ಬೇಡಿ, ಅದೂ ತಾರೀಕಾಗಿ ಕೂರುತ್ತದೆ.

ಹಂತ 2: ಹಳೆಯ ರೀತಿಯಲ್ಲಿ ಒಮ್ಮೆ ಬರೆದು ನೋಡಿ

ಸಿ2 ಸೆಲ್‌ನಲ್ಲಿ ಇದನ್ನು ಹೊಡೆಯಿರಿ:

=ಇಂಟ್(ಬಿ2)*40+ರೌಂಡ್((ಬಿ2-ಇಂಟ್(ಬಿ2))*100, 0)

1.30 ಇದ್ದರೆ ಉತ್ತರ 70 ಬರಬೇಕು. ಇಂಟ್ ಎಂಬುದು ಚುಕ್ಕಿಯ ಎಡಗಡೆಯ ಪೂರ್ಣ ಸಂಖ್ಯೆಯನ್ನು ಮಾತ್ರ ಕೊಡುತ್ತದೆ, ಅಂದರೆ ಎಕರೆ. ಉಳಿದದ್ದನ್ನು ನೂರರಿಂದ ಗುಣಿಸಿದರೆ ಗುಂಟೆ.

ಇಲ್ಲಿ ರೌಂಡ್ ಯಾಕೆ ಅಂತ ಕೇಳುವವರಿದ್ದಾರೆ. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಜಾಗ. ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಭಾಗಗಳಾಗಿ ಇಟ್ಟುಕೊಳ್ಳುತ್ತದೆ: ಅರ್ಧ, ಕಾಲು, ಅರೆಕಾಲು, ಹೀಗೆ. 2.15 ಎಂಬ ಸಂಖ್ಯೆ ಆ ಭಾಗಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಒಳಗೆ ಇರುವುದು 2.1499999999999999 ಎಂಬಂಥ ಸಂಖ್ಯೆ. ಅದರಿಂದ ಎರಡು ಕಳೆದು ನೂರರಿಂದ ಗುಣಿಸಿದರೆ 15ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಸೆಲ್‌ನಲ್ಲಿ 15 ಅಂತಲೇ ಕಾಣಬಹುದು. ಆದರೆ ರೌಂಡ್ ಬದಲು ಇಂಟ್ ಬಳಸಿದರೆ ಆ ಕೂದಲೆಳೆ ಸಾಕು, 15 ಗುಂಟೆ 14 ಆಗಿಹೋಗುವ ಅಪಾಯ ಇದೆ. ಒಂದು ಗುಂಟೆ ಅಂದರೆ 1089 ಚದರ ಅಡಿ, 33 ಅಡಿ ಉದ್ದ 33 ಅಡಿ ಅಗಲದ ಜಾಗ. ಅಷ್ಟರಲ್ಲಿ ಒಂದು ಮನೆಯನ್ನೇ ಕಟ್ಟಬಹುದು.

ಈ ಫಾರ್ಮುಲಾ ಕೆಲಸ ಮಾಡುತ್ತದೆ. ಆದರೆ ಬಿ2 ಮೂರು ಸಲ, ಇಂಟ್ ಎರಡು ಸಲ ಬಂದಿದೆ. ಸ್ವಲ್ಪ ದಿನ ಬಿಟ್ಟು ತೆಗೆದು ನೋಡಿದರೆ ಬರೆದವರಿಗೇ ಅರ್ಥವಾಗುವುದಿಲ್ಲ. ತಪ್ಪು ಹುಡುಕುವುದಂತೂ ದೂರದ ಮಾತು.

ಹಂತ 3: ಲೆಟ್ ಹಾಕಿ ಹೆಸರಿಡಿ

ಲೆಟ್ ಮಾಡುವುದು ಒಂದೇ ಕೆಲಸ. ಫಾರ್ಮುಲಾದ ಒಳಗಿನ ತುಂಡುಗಳಿಗೆ ಹೆಸರು ಕೊಡುತ್ತದೆ. ಹೆಸರು, ಬೆಲೆ, ಹೆಸರು, ಬೆಲೆ ಅಂತ ಜೋಡಿ ಜೋಡಿಯಾಗಿ ಬರೆಯುತ್ತಾ ಹೋಗಿ ಕೊನೆಯಲ್ಲಿ ಒಂಟಿಯಾಗಿ ನಿಮಗೆ ಬೇಕಾದ ಲೆಕ್ಕ ಬರೆಯಬೇಕು.

=ಲೆಟ್(
ವಿಸ್ತ, ಬಿ2,
ಎಕರೆ, ಇಂಟ್(ವಿಸ್ತ),
ಗುಂಟೆ, ರೌಂಡ್((ವಿಸ್ತ-ಎಕರೆ)*100, 0),
ಎಕರೆ*40+ಗುಂಟೆ)

ಓದಿಕೊಂಡು ಹೋದರೆ ಅರ್ಥವಾಗುತ್ತದೆ, ಅಲ್ವಾ? ಹೊಸ ಸಾಲಿಗೆ ಹೋಗಲು ಶೀಟ್ಸ್‌ನಲ್ಲಿ ಕಂಟ್ರೋಲ್ ಒತ್ತಿಕೊಂಡು ಎಂಟರ್ ಹೊಡೆಯಿರಿ, ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಎಂಟರ್. ಒಂದೇ ಸಾಲಿನಲ್ಲಿ ಬರೆದರೂ ಲೆಕ್ಕ ಅದೇ. ಸಾಲು ಮುರಿಯುವುದು ನಮ್ಮ ಕಣ್ಣಿಗಾಗಿ.

ಇಲ್ಲಿ ಜನ ಎಡವುವ ಜಾಗಗಳು ಹೀಗಿವೆ.

ಕೊನೆಯ ಲೆಕ್ಕ ಮರೆಯುವುದು. ಜೋಡಿಗಳು ಮುಗಿದ ಮೇಲೆ ಒಂದು ಒಂಟಿ ಉಳಿಯಲೇಬೇಕು. ಉಳಿಯದಿದ್ದರೆ ದೋಷ.

ಕ್ರಮ ತಪ್ಪಿಸುವುದು. ಗುಂಟೆಯ ಲೆಕ್ಕದಲ್ಲಿ ಎಕರೆ ಬೇಕು, ಹಾಗಾಗಿ ಎಕರೆ ಮೊದಲು ಬರಬೇಕು. ಮುಂದೆ ಬರಲಿರುವ ಹೆಸರನ್ನು ಹಿಂದೆಯೇ ಬಳಸಲು ಆಗುವುದಿಲ್ಲ.

ಸೆಲ್‌ನಂತೆ ಕಾಣುವ ಹೆಸರು ಇಡುವುದು. ಜಿ1, ಎಸಿ2 ಇಂಥವೆಲ್ಲ ಸೆಲ್‌ಗಳ ವಿಳಾಸ. ಸಾಲದ ಕಂತಿನ ಲೆಕ್ಕ ಮಾಡುವವರು ಇಎಂಐ2 ಅಂತ ಹೆಸರಿಟ್ಟು ಒದ್ದಾಡುತ್ತಾರೆ. ಕಾಲಂಗಳು ಝಡ್ ದಾಟಿದ ಮೇಲೆ ಎರಡಕ್ಷರ, ಮೂರಕ್ಷರಕ್ಕೆ ಹೋಗುತ್ತವೆ, ಹಾಗಾಗಿ ಇಎಂಐ2 ಕೂಡ ಒಂದು ಸೆಲ್‌ನ ವಿಳಾಸವೇ. ಅಂಕಿ ಇಲ್ಲದ ಪೂರ್ತಿ ಪದ ಇಟ್ಟರೆ ತಲೆನೋವಿಲ್ಲ.

ವಾಟ್ಸಾಪ್‌ನಿಂದ ಅಥವಾ ವರ್ಡ್‌ನಿಂದ ಫಾರ್ಮುಲಾ ನಕಲು ಮಾಡುವುದು. ಅಲ್ಲಿ ಡಬಲ್ ಕೋಟ್‌ಗಳು ಬಾಗಿದ ಕೋಟ್‌ಗಳಾಗಿ ಬದಲಾಗಿರಬಹುದು. ಶೀಟ್ಸ್‌ಗೆ ಬೇಕಾದ್ದು ನೆಟ್ಟಗಿನ ಕೋಟ್. ಎಲ್ಲ ಸರಿ ಇದ್ದೂ ದೋಷ ತೋರಿಸಿದರೆ ಮೊದಲು ಕೋಟ್‌ಗಳನ್ನು ಅಳಿಸಿ ಮತ್ತೆ ಹೊಡೆಯಿರಿ.

ಇನ್ನೊಂದು, ಹೊರದೇಶದಲ್ಲಿರುವವರಿಗೆ. ಶೀಟ್‌ನ ಲೊಕೇಲ್ ಜರ್ಮನಿ ಆಗಿದ್ದರೆ ಅಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಕಾಮಾ ಬಳಸುತ್ತಾರೆ. ಆಗ ಫಾರ್ಮುಲಾದ ಒಳಗೆ ಕಾಮಾ ಬದಲು ಸೆಮಿಕೋಲನ್ ಹಾಕಬೇಕು. ಲೊಕೇಲನ್ನೇ ಇಂಡಿಯಾ ಮಾಡಿಕೊಂಡರೆ ಈ ಲೇಖನದ ಫಾರ್ಮುಲಾಗಳು ಇದ್ದ ಹಾಗೇ ನಡೆಯುತ್ತವೆ.

ಹಂತ 4: ತಪ್ಪು ನಮೂದನ್ನು ಹಿಡಿಯುವ ಕಾವಲು ಹಾಕಿ

40 ಅಥವಾ ಅದಕ್ಕಿಂತ ಜಾಸ್ತಿ ಗುಂಟೆ ಬಂದಿದ್ದರೆ ಅದು ಖಂಡಿತ ಟೈಪಿಂಗ್ ತಪ್ಪು. 1.45 ಎಂಬ ವಿಸ್ತೀರ್ಣವೇ ಇಲ್ಲ. 3.08 ಬದಲು 3.8 ಹೊಡೆದದ್ದೂ ಇದೇ ಬಲೆಗೆ ಬೀಳುತ್ತದೆ. ಕೊನೆಯ ಸಾಲನ್ನು ಹೀಗೆ ಬದಲಿಸಿ:

ಇಫ್(ಗುಂಟೆ>=40, ಎನ್‌ಎ(), ಎಕರೆ*40+ಗುಂಟೆ)

ಎನ್‌ಎ ಎಂಬುದು ಬೇಕೆಂದೇ ದೋಷ ಹುಟ್ಟಿಸುವ ಫಂಕ್ಷನ್. ಸೆಲ್‌ನಲ್ಲಿ #ಎನ್/ಎ ಎಂದು ಕಾಣುತ್ತದೆ. ಅದರ ಬದಲು "ಗುಂಟೆ ತಪ್ಪು" ಅಂತ ಚೆಂದವಾಗಿ ಕನ್ನಡದಲ್ಲೇ ಬರೆಸಬಹುದಲ್ಲ ಎಂದು ಅನ್ನಿಸಬಹುದು. ಬೇಡ. ಸಮ್ ಫಂಕ್ಷನ್ ಪಠ್ಯ ಇರುವ ಸೆಲ್‌ಗಳನ್ನು ಏನೂ ಹೇಳದೆ ಬಿಟ್ಟು ಮುಂದೆ ಹೋಗುತ್ತದೆ. ನಲವತ್ತು ಸಾಲಿನ ಪಟ್ಟಿಯಲ್ಲಿ ಮಧ್ಯೆ ಎಲ್ಲೋ ಒಂದು "ಗುಂಟೆ ತಪ್ಪು" ಇದ್ದರೆ ಆ ಜಮೀನನ್ನೇ ಬಿಟ್ಟು ಮೊತ್ತ ತೋರಿಸುತ್ತದೆ, ನಿಮ್ಮ ಕಣ್ಣು ಕೊನೆಯ ಸಾಲಿನ ಮೇಲೆ ಮಾತ್ರ ಇರುತ್ತದೆ. #ಎನ್/ಎ ಹಾಗಲ್ಲ. ಒಂದು ಕಡೆ ಇದ್ದರೂ ಮೊತ್ತವನ್ನೂ ಕೆಡಿಸುತ್ತದೆ. ಜಮೀನಿನ ಲೆಕ್ಕದಲ್ಲಿ ತಪ್ಪು ಉತ್ತರಕ್ಕಿಂತ ಉತ್ತರ ಇಲ್ಲದಿರುವುದೇ ಲೇಸು ಅನ್ನುವವನು ನಾನು.

ಹಂತ 5: ಅದನ್ನೇ ಒಂದು ಫಂಕ್ಷನ್ ಮಾಡಿ

ಈಗ ಲೇಖನದ ಮುಖ್ಯ ಭಾಗ. ಡೇಟಾ ಮೆನು ತೆರೆದು ನೇಮ್ಡ್ ಫಂಕ್ಷನ್ಸ್ ಒತ್ತಿ. ಬಲಗಡೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಆ್ಯಡ್ ನ್ಯೂ ಫಂಕ್ಷನ್ ಕೊಡಿ. ನಾಲ್ಕು ಖಾಲಿ ಜಾಗ ಬರುತ್ತವೆ.

ಫಂಕ್ಷನ್ ನೇಮ್: ಗುಂಟೆಗೆ. ಇಂಗ್ಲಿಷ್ ಅಕ್ಷರದಲ್ಲಿ ಜಿ-ಯು-ಎನ್-ಟಿ-ಇ-ಜಿ-ಇ ಅಂತ ಬರೆಯಿರಿ. ಹೆಸರಿನಲ್ಲಿ ಖಾಲಿ ಜಾಗ ಇರಬಾರದು, ಅಂಕಿಯಿಂದ ಶುರುವಾಗಬಾರದು, ಈಗಾಗಲೇ ಇರುವ ಫಂಕ್ಷನ್‌ನ ಹೆಸರೂ ಆಗಿರಬಾರದು. ಒಳಗಿನ ತುಂಡಿಗೆ ಗುಂಟೆ ಅಂತ ಹೆಸರಿಟ್ಟಿದ್ದೇವೆ, ಹಾಗಾಗಿ ಫಂಕ್ಷನ್‌ಗೂ ಅದನ್ನೇ ಇಡದೆ ಗುಂಟೆಗೆ ಅಂತ ಬೇರೆ ಮಾಡಿದ್ದು.

ಫಂಕ್ಷನ್ ಡಿಸ್ಕ್ರಿಪ್ಷನ್: ಇಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. "ಎಕರೆ.ಗುಂಟೆಯನ್ನು ಒಟ್ಟು ಗುಂಟೆಗೆ ತರುತ್ತದೆ. 3 ಎಕರೆ 8 ಗುಂಟೆ ಅಂದರೆ 3.08" ಅಂದರೆ ಸಾಕು. ಮುಂದೆ ಮನೆಯವರೋ ಸ್ನೇಹಿತರೋ ಈ ಫಂಕ್ಷನ್ ಟೈಪ್ ಮಾಡುವಾಗ ಈ ಸಾಲು ಅವರಿಗೆ ಕಾಣುತ್ತದೆ.

ಆರ್ಗ್ಯುಮೆಂಟ್ ಪ್ಲೇಸ್‌ಹೋಲ್ಡರ್: ಫಂಕ್ಷನ್‌ಗೆ ಹೊರಗಿನಿಂದ ಕೊಡುವ ವಸ್ತುವಿನ ಹೆಸರು. ವಿಸ್ತ ಅಂತ ಬರೆದು ಎಂಟರ್ ಹೊಡೆಯಿರಿ. ಎಂಟರ್ ಹೊಡೆಯದೆ ಮುಂದೆ ಹೋಗಬೇಡಿ.

ಫಾರ್ಮುಲಾ ಡೆಫಿನಿಷನ್: ಇಲ್ಲಿ ನಮ್ಮ ಲೆಟ್. ವಿಸ್ತ ಈಗ ಹೊರಗಿನಿಂದಲೇ ಬರುವುದರಿಂದ ಮೊದಲ ಜೋಡಿ ಬೇಡ.

=ಲೆಟ್(
ಎಕರೆ, ಇಂಟ್(ವಿಸ್ತ),
ಗುಂಟೆ, ರೌಂಡ್((ವಿಸ್ತ-ಎಕರೆ)*100, 0),
ಇಫ್(ಗುಂಟೆ>=40, ಎನ್‌ಎ(), ಎಕರೆ*40+ಗುಂಟೆ))

ಇದರೊಳಗೆ ಬಿ2 ಅಂತ ಯಾವ ಸೆಲ್ ವಿಳಾಸವನ್ನೂ ಬಿಡಬೇಡಿ. ಬಿಟ್ಟರೆ ಯಾವ ಸಾಲಿನಲ್ಲಿ ಬಳಸಿದರೂ ಅದು ಅದೇ ಸೆಲ್ ನೋಡುತ್ತಾ ಕೂರುತ್ತದೆ. ಬೇಕಾದ್ದೆಲ್ಲ ಬ್ರಾಕೆಟ್ ಮೂಲಕವೇ ಒಳಗೆ ಬರಲಿ. ನೆಕ್ಸ್ಟ್ ಕೊಟ್ಟು, ಮುಂದಿನ ಪುಟದಲ್ಲಿ ಬೇಕಿದ್ದರೆ ಒಂದು ಉದಾಹರಣೆ ತುಂಬಿ, ಕ್ರಿಯೇಟ್ ಒತ್ತಿ. ಈಗ ಯಾವ ಸೆಲ್‌ನಲ್ಲಾದರೂ =ಗುಂಟೆಗೆ(ಬಿ2) ಅಂದರೆ 70 ಬರುತ್ತದೆ.

ಬಂತು ಅಂತ ಖುಷಿಯಾಗಿ ಮುಂದೆ ಓಡಬೇಡಿ. ಖಾಲಿ ಜಾಗದಲ್ಲಿ ಉತ್ತರ ಗೊತ್ತಿರುವ ಕೆಲವು ಸಂಖ್ಯೆ ಹಾಕಿ ನೋಡಿ. 0.01ಕ್ಕೆ 1, 0.39ಕ್ಕೆ 39, 1.00ಕ್ಕೆ 40, 2.10ಕ್ಕೆ 90, 2.15ಕ್ಕೆ 95 ಬರಬೇಕು. 1.45ಕ್ಕೆ #ಎನ್/ಎ ಬರಬೇಕು. 2.15 ಇಲ್ಲಿ ಬೇಕೆಂದೇ ಇದೆ, ರೌಂಡ್ ಕೈಬಿಟ್ಟಿದ್ದರೆ ಎಡವಟ್ಟಾಗುವ ಸಂಖ್ಯೆ ಅದು.

ವಾಪಸ್ ಬರುವ ಫಂಕ್ಷನ್ ಚಿಕ್ಕದು. ಹೆಸರು ಎಕರೆಗೆ, ಆರ್ಗ್ಯುಮೆಂಟ್ ಒಟ್ಟು, ಡೆಫಿನಿಷನ್ ಹೀಗೆ:

=ಇಂಟ್(ಒಟ್ಟು/40)&" ಎಕರೆ "&ಮಾಡ್(ಒಟ್ಟು, 40)&" ಗುಂಟೆ"

ಮಾಡ್ ಅಂದರೆ ಎಂ-ಒ-ಡಿ, ಭಾಗಿಸಿದ ಮೇಲೆ ಉಳಿಯುವ ಶೇಷ. & ಚಿಹ್ನೆ ಪದಗಳನ್ನು ಅಂಟಿಸುತ್ತದೆ. =ಎಕರೆಗೆ(341) ಅಂದರೆ "8 ಎಕರೆ 21 ಗುಂಟೆ". 8.21 ಅಂತ ಸಂಖ್ಯೆಯಾಗಿಯೂ ಕೊಡಬಹುದಿತ್ತು. ಕೊಟ್ಟರೆ ಯಾರೋ ಒಬ್ಬರು ಅದನ್ನು ಇನ್ನೊಂದರ ಜೊತೆ ಕೂಡಿಸಿಯೇ ಕೂಡಿಸುತ್ತಾರೆ. ಪಠ್ಯವಾಗಿದ್ದರೆ ಆ ಆಸೆ ಹುಟ್ಟುವುದಿಲ್ಲ.

ಎಕ್ಸೆಲ್ 365 ಅಥವಾ 2024 ಇರುವವರಿಗೆ ದಾರಿ ಸ್ವಲ್ಪ ಬೇರೆ. ಕಂಟ್ರೋಲ್ ಮತ್ತು ಎಫ್3 ಒತ್ತಿದರೆ ನೇಮ್ ಮ್ಯಾನೇಜರ್ ತೆರೆಯುತ್ತದೆ. ನ್ಯೂ ಕೊಟ್ಟು, ನೇಮ್ ಜಾಗದಲ್ಲಿ ಗುಂಟೆಗೆ, ರೆಫರ್ಸ್ ಟು ಜಾಗದಲ್ಲಿ =ಲ್ಯಾಂಬ್ಡಾ(ವಿಸ್ತ, ಲೆಟ್(...)) ಅಂತ ಬರೆಯಿರಿ, ಚುಕ್ಕಿಗಳ ಜಾಗದಲ್ಲಿ ಮೇಲಿನ ಲೆಟ್‌ನ ಒಳಗಿರುವುದೆಲ್ಲ ಬರಬೇಕು. ಆ ಫೈಲನ್ನು ಹಳೆಯ ಎಕ್ಸೆಲ್‌ನಲ್ಲಿ ತೆರೆದವರಿಗೆ ಫಂಕ್ಷನ್‌ಗಳ ಹೆಸರಿನ ಮೊದಲು ಎಕ್ಸ್‌ಎಲ್‌ಎಫ್‌ಎನ್ ಎಂಬ ಅಕ್ಷರಗಳು ಅಂಟಿಕೊಂಡು ಕಾಣುತ್ತವೆ, ಮತ್ತೆ ಲೆಕ್ಕ ಹಾಕಿಸಿದರೆ #ನೇಮ್? ಅನ್ನುತ್ತದೆ. ಫೈಲ್ ಕೆಟ್ಟಿಲ್ಲ, ಅವರ ಎಕ್ಸೆಲ್‌ಗೆ ಆ ಫಂಕ್ಷನ್ ಗೊತ್ತಿಲ್ಲ ಅಷ್ಟೇ.

ಹಂತ 6: ಇಡೀ ಪಟ್ಟಿಯನ್ನು ಒಂದೇ ಸೆಲ್‌ನಲ್ಲಿ ಕೂಡಿಸಿ

ಇಲ್ಲಿಯವರೆಗೆ ಶೀಟ್ಸ್‌ನಲ್ಲಿ ಲ್ಯಾಂಬ್ಡಾ ಪದ ಬಳಸದೇ ಕೆಲಸ ಸಾಗಿತು. ಈಗ ಬೇಕು. ಲ್ಯಾಂಬ್ಡಾ ಅಂದರೆ ಹೆಸರಿಲ್ಲದ, ಸ್ಥಳದಲ್ಲೇ ಬರೆದು ಬಳಸುವ ಫಂಕ್ಷನ್. 1930ರ ದಶಕದಲ್ಲಿ ಅಲೊಂಜೊ ಚರ್ಚ್ ಎಂಬ ಅಮೆರಿಕದ ಗಣಿತಜ್ಞ ಕಟ್ಟಿದ ಪದ್ಧತಿಯಿಂದ ಬಂದದ್ದು. ಒಂದು ಸೆಲ್‌ನಲ್ಲಿ ಇದನ್ನು ಹೊಡೆದು ನೋಡಿ:

=ಲ್ಯಾಂಬ್ಡಾ(ಗು, ಗು*1089)(70)

76230 ಬರುತ್ತದೆ. 70 ಗುಂಟೆಗೆ ಅಷ್ಟು ಚದರ ಅಡಿ. ಕೊನೆಯ (70) ಬಿಟ್ಟು ಬರೀ ಲ್ಯಾಂಬ್ಡಾ ಬರೆದರೆ ದೋಷ ಬರುತ್ತದೆ, ಎಕ್ಸೆಲ್‌ನಲ್ಲಿ ಅದು #ಕ್ಯಾಲ್ಕ್!. ಫಂಕ್ಷನ್ ಕೊಟ್ಟಿರಿ, ಅದಕ್ಕೆ ತಿನ್ನಲು ಏನೂ ಕೊಡಲಿಲ್ಲ ಎಂದರ್ಥ.

ಲ್ಯಾಂಬ್ಡಾ ಹೀಗೆ ಒಂಟಿಯಾಗಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮ್ಯಾಪ್ ಜೊತೆ ಸೇರಿದಾಗ ನೋಡಿ. ಮ್ಯಾಪ್ ಒಂದು ಪಟ್ಟಿಯ ಪ್ರತಿ ಸೆಲ್‌ಗೂ ನೀವು ಹೇಳಿದ ಲೆಕ್ಕ ಮಾಡಿ ಕೊಡುತ್ತದೆ.

=ಎಕರೆಗೆ(ಸಮ್(ಮ್ಯಾಪ್(ಬಿ2:ಬಿ5, ಲ್ಯಾಂಬ್ಡಾ(ವಿ, ಗುಂಟೆಗೆ(ವಿ)))))

ಒಳಗಿನಿಂದ ಹೊರಗೆ ಓದಿ. ಬಿ2ರಿಂದ ಬಿ5ರವರೆಗಿನ ಪ್ರತಿಯೊಂದನ್ನೂ ಗುಂಟೆಗೆ ತಾ: 70, 105, 38, 128. ಕೂಡಿಸು: 341. ಎಕರೆಗೆ ಒಯ್ಯಿ: 8 ಎಕರೆ 21 ಗುಂಟೆ. ಹೊರಗಿನ ಎಕರೆಗೆ ತೆಗೆದು, ಉಳಿದದ್ದನ್ನು 1089ರಿಂದ ಗುಣಿಸಿದರೆ 3,71,349 ಚದರ ಅಡಿ.

ಬ್ರಾಕೆಟ್ ಎಣಿಸುವುದು ಇಲ್ಲಿ ಕಿರಿಕಿರಿ. ಒಳಗಿನಿಂದ ಒಂದೊಂದೇ ಪದರ ಕಟ್ಟಿ, ಪ್ರತಿ ಪದರಕ್ಕೂ ಎಂಟರ್ ಹೊಡೆದು ಉತ್ತರ ನೋಡಿಕೊಂಡು ಮುಂದೆ ಹೋಗಿ. ಬರೀ ಮ್ಯಾಪ್ ಹೊಡೆದಾಗ ನಾಲ್ಕು ಉತ್ತರ ಕೆಳಗಿನ ಸೆಲ್‌ಗಳಿಗೆ ತಾನಾಗಿಯೇ ಇಳಿಯುತ್ತವೆ. ಆ ಸೆಲ್‌ಗಳಲ್ಲಿ ಮೊದಲೇ ಏನಾದರೂ ಇದ್ದರೆ ಶೀಟ್ಸ್ #ರೆಫ್! ಅನ್ನುತ್ತದೆ, ಎಕ್ಸೆಲ್ #ಸ್ಪಿಲ್! ಅನ್ನುತ್ತದೆ. ಕೆಳಗೆ ಜಾಗ ಖಾಲಿ ಮಾಡಿಕೊಟ್ಟರೆ ಸರಿಹೋಗುತ್ತದೆ.

ಮೊತ್ತದ ಜಾಗದಲ್ಲಿ #ಎನ್/ಎ ಬಂದರೆ ಗಾಬರಿ ಬೇಡ, ಅದು ನಾವೇ ಇಟ್ಟ ಕಾವಲು. ಪಕ್ಕದ ಕಾಲಂನಲ್ಲಿ =ಗುಂಟೆಗೆ(ಬಿ2) ಹಾಕಿ ಕೆಳಗೆ ಎಳೆದರೆ ಯಾವ ಸಾಲಿನಲ್ಲಿ ತಪ್ಪಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಮುಂದೆ ಸಾಲು ಸೇರುತ್ತವೆ ಅಂತ ಇದ್ದರೆ ಬಿ5 ಬದಲು ಬಿ200 ಅಂತ ಕೊಡಿ. ಖಾಲಿ ಸೆಲ್‌ಗೆ ಸೊನ್ನೆ ಬರುವುದರಿಂದ ಮೊತ್ತ ಕೆಡುವುದಿಲ್ಲ. ಇಡೀ ಕಾಲಂ ಕೊಡುವ ಅಗತ್ಯ ಇಲ್ಲ, ಸುಮ್ನೆ ಶೀಟ್ ನಿಧಾನವಾಗುತ್ತದೆ.

ಸಾಲು ಸಾಲಿಗೂ ಅಲ್ಲಿಯವರೆಗಿನ ಮೊತ್ತ ಬೇಕು ಎನ್ನುವವರಿಗೆ ಸ್ಕ್ಯಾನ್ ಇದೆ:

=ಸ್ಕ್ಯಾನ್(0, ಬಿ2:ಬಿ5, ಲ್ಯಾಂಬ್ಡಾ(ಹಿಂದಿನ, ವಿ, ಹಿಂದಿನ+ಗುಂಟೆಗೆ(ವಿ)))

70, 175, 213, 341 ಅಂತ ಇಳಿಯುತ್ತದೆ. ಮೊದಲ ಸೊನ್ನೆ ಎಲ್ಲಿಂದ ಶುರು ಎಂಬುದಕ್ಕೆ. ಲ್ಯಾಂಬ್ಡಾದ ಮೊದಲ ಹೆಸರು ಇಲ್ಲಿಯವರೆಗಿನ ಮೊತ್ತ, ಎರಡನೆಯದು ಈಗಿನ ಸೆಲ್. ಈ ಎರಡನ್ನು ಅದಲು ಬದಲು ಮಾಡಿದರೆ ದೋಷ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಹಾಗಾಗಿ ನೋಡಿಕೊಂಡು ಬರೆಯಿರಿ.

ಹಂತ 7: ಖರಾಬು ಮತ್ತು ಆಣೆ

ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಜೊತೆ ಖರಾಬು ಬೇರೆ ತೋರಿಸಿರುತ್ತಾರೆ. ಸಾಗುವಳಿಗೆ ಲೆಕ್ಕವಿಲ್ಲದ ಭಾಗ ಅದು: ಕಲ್ಲು, ಹಳ್ಳ, ದಾರಿ ಇತ್ಯಾದಿ. 3.08ರಲ್ಲಿ 0.12 ಖರಾಬು ಇದೆ ಎನ್ನಿ. ನೇರವಾಗಿ ಕಳೆದರೆ 2.96, ಅಂಥ ವಿಸ್ತೀರ್ಣವೇ ಇಲ್ಲ. ಈಗಿರುವ ಫಂಕ್ಷನ್ನೇ ಬಳಸಿಕೊಂಡು ಇನ್ನೊಂದು ಮಾಡಿ. ಹೆಸರು ನಿವ್ವಳ, ಆರ್ಗ್ಯುಮೆಂಟ್‌ಗಳು ಎರಡು: ವಿಸ್ತ, ಖರಾಬು. ಡೆಫಿನಿಷನ್:

=ಗುಂಟೆಗೆ(ವಿಸ್ತ)-ಗುಂಟೆಗೆ(ಖರಾಬು)

128ರಲ್ಲಿ 12 ಹೋದರೆ 116 ಗುಂಟೆ, ಅಂದರೆ 2 ಎಕರೆ 36 ಗುಂಟೆ. ಖರಾಬು ಇಲ್ಲದ ಕಡೆ ಸೆಲ್ ಖಾಲಿ ಬಿಡಬಹುದು, ಆದರೆ ಫಂಕ್ಷನ್‌ಗೆ ಎರಡನ್ನೂ ಕೊಡಲೇಬೇಕು.

ಆಣೆಯವರೆಗೆ ಲೆಕ್ಕ ಬೇಕಾದವರಿಗೆ ಸಂಖ್ಯೆ ಸಾಲದು. ಗುಂಟೆಗೆ 16 ಆಣೆ. 1.30.08 ಅಂತ ಎರಡು ಚುಕ್ಕಿ ಬಂದ ಮೇಲೆ ಅದು ಸಂಖ್ಯೆಯಲ್ಲ, ಪಠ್ಯ. ಆ ಕಾಲಂ ಅನ್ನು ಮೊದಲೇ ಪ್ಲೇನ್ ಟೆಕ್ಸ್ಟ್ ಮಾಡಿ, ಇಲ್ಲದಿದ್ದರೆ ಇದನ್ನೂ ತಾರೀಕು ಅಂದುಕೊಳ್ಳಬಹುದು. ಆಮೇಲೆ ಆಣೆಲೆಕ್ಕ ಎಂಬ ಹೆಸರಲ್ಲಿ, ಸಾಲು ಎಂಬ ಆರ್ಗ್ಯುಮೆಂಟ್ ಇಟ್ಟು, ಹೀಗೆ ಬರೆಯಿರಿ:

=ಲೆಟ್(
ಭಾಗ, ಸ್ಪ್ಲಿಟ್(ಸಾಲು, "."),
ಇಂಡೆಕ್ಸ್(ಭಾಗ, 1, 1)*40+ಇಂಡೆಕ್ಸ್(ಭಾಗ, 1, 2)+ಇಂಡೆಕ್ಸ್(ಭಾಗ, 1, 3)/16)

ಸ್ಪ್ಲಿಟ್ ಚುಕ್ಕಿ ಇರುವಲ್ಲಿ ಕತ್ತರಿಸುತ್ತದೆ, ಇಂಡೆಕ್ಸ್ ಎಷ್ಟನೇ ತುಂಡು ಬೇಕೋ ಅದನ್ನು ಕೊಡುತ್ತದೆ. 1.30.08ಕ್ಕೆ 70.5 ಗುಂಟೆ ಬರಬೇಕು. ಆಣೆ ಇಲ್ಲದಿದ್ದರೂ ಕೊನೆಗೆ 00 ಬರೆಯಿರಿ, ಇಲ್ಲವಾದರೆ ಮೂರನೇ ತುಂಡು ಸಿಗದೆ ದೋಷ ಬರುತ್ತದೆ. ಇಲ್ಲಿ ಪಠ್ಯವನ್ನೇ ಕತ್ತರಿಸುವುದರಿಂದ ಆ ಕೂದಲೆಳೆಯ ತಾಪತ್ರಯ ಇಲ್ಲ, ರೌಂಡ್ ಬೇಕಿಲ್ಲ. 40 ಗುಂಟೆಯ ಕಾವಲನ್ನು ಮಾತ್ರ ಹಂತ 4ರಂತೆ ನೀವೇ ಸೇರಿಸಿಕೊಳ್ಳಿ, 16 ಆಣೆಗೂ ಒಂದು ಇರಲಿ.

ಹಂತ 8: ಬೇರೆ ಶೀಟ್‌ಗೆ ಒಯ್ಯುವುದು

ನೇಮ್ಡ್ ಫಂಕ್ಷನ್ ಆ ಒಂದು ಫೈಲ್‌ಗೆ ಸೇರಿದ್ದು. ಹೊಸ ಫೈಲ್ ತೆರೆದರೆ ಅಲ್ಲಿ ಇರುವುದಿಲ್ಲ. ಹೊಸ ಫೈಲ್‌ನ ಡೇಟಾ ಮೆನು, ನೇಮ್ಡ್ ಫಂಕ್ಷನ್ಸ್, ಇಂಪೋರ್ಟ್ ಫಂಕ್ಷನ್ ಕೊಟ್ಟು ಹಳೆಯ ಫೈಲ್ ಆರಿಸಿ. ಅದರಲ್ಲಿರುವ ಫಂಕ್ಷನ್‌ಗಳ ಪಟ್ಟಿ ಬರುತ್ತದೆ. ನಿವ್ವಳ ಬೇಕಿದ್ದರೆ ಅದು ಒಳಗೆ ಬಳಸುವ ಗುಂಟೆಗೆಯನ್ನೂ ಆರಿಸಬೇಕು. ಎಲ್ಲವನ್ನೂ ಒಟ್ಟಿಗೆ ತರುವುದೇ ಸುಲಭ.

ಇದೇ ಕೆಲಸವನ್ನು ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ, ಅಂದರೆ ಶೀಟ್ಸ್ ಜೊತೆ ಬರುವ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಬಹುದಲ್ಲ ಎಂದು ಕೋಡ್ ಬಲ್ಲವರು ಕೇಳುತ್ತಾರೆ. ಮಾಡಬಹುದು. ಆದರೆ ಅಲ್ಲಿ ಪ್ರತಿ ಸೆಲ್‌ನ ಲೆಕ್ಕವೂ ಗೂಗಲ್‌ನ ಸರ್ವರ್‌ಗೆ ಹೋಗಿ ಬರಬೇಕು, ಪಟ್ಟಿ ಉದ್ದವಾದಷ್ಟೂ ನಿಧಾನ, ಒಂದು ಲೆಕ್ಕ 30 ಸೆಕೆಂಡ್ ದಾಟಿದರೆ ನಿಂತೇ ಹೋಗುತ್ತದೆ. ಮೇಲ್ ಕಳಿಸಬೇಕು, ಬೇರೆ ಕಡೆಯಿಂದ ಮಾಹಿತಿ ತರಬೇಕು ಅಂದರೆ ಸ್ಕ್ರಿಪ್ಟ್ ಬರೆಯಿರಿ. ಕೂಡಿಸುವ ಕಳೆಯುವ ಲೆಕ್ಕಕ್ಕೆ ನೇಮ್ಡ್ ಫಂಕ್ಷನ್ ಸಾಕು.

ಇಂಪೋರ್ಟ್ ಮಾಡಿದ್ದು ನಕಲು ಮಾತ್ರ. ಮೂಲ ಫೈಲ್‌ನಲ್ಲಿ ನೀವು ಆಮೇಲೆ ಏನಾದರೂ ತಿದ್ದಿದರೆ ಉಳಿದ ಫೈಲ್‌ಗಳಿಗೆ ಅದು ಹೋಗುವುದಿಲ್ಲ. ಅಣ್ಣನ ಶೀಟ್‌ನಲ್ಲಿ ಕಾವಲು ಇರುವ ಗುಂಟೆಗೆ, ತಮ್ಮನ ಶೀಟ್‌ನಲ್ಲಿ ಕಾವಲು ಇಲ್ಲದ ಹಳೆಯ ಗುಂಟೆಗೆ ಇದ್ದರೆ ಎರಡರ ಉತ್ತರ ಬೇರೆ ಬೇರೆ ಬರಬಹುದು. ಅದಕ್ಕೆ ಡಿಸ್ಕ್ರಿಪ್ಷನ್ ಸಾಲಿನ ಕೊನೆಯಲ್ಲಿ ತಿದ್ದಿದ ತಾರೀಕು ಬರೆದಿಡಿ. ಪಾಲಿನ ಮಾತುಕತೆಗೆ ಕೂರುವ ಮೊದಲು ಎರಡೂ ಶೀಟ್‌ಗಳಲ್ಲಿ ಆ ಸಾಲನ್ನು ಒಮ್ಮೆ ನೋಡಿಕೊಳ್ಳಿ.